ಕೊಕ್ಕರೆ ಕಾಲಿನ ಮನೆತನ

ಸದಾಶಿವ ಪೇಠೆಯ ಗಂಗೂಬಾಯಿಯವರ ವಾಡೆಯಲ್ಲಿ ಹತ್ತು ಒಲೆ ಉರಿಯುತ್ತಿದ್ದವು. ಒಂಬತ್ತು ಒಲೆಗಳ ಮುಂದೆ ಮರಾಠಿ, ಒಂದೇ ಒಂದರ ಮುಂದೆ ಕನ್ನಡ. ಆ ಒಂದು ಒಲೆ ನಾಗವ್ವನದು. ಗಂಡ ಲಿಂಗೈಕ್ಯನಾದ ಮೇಲೆ ಮಲಪ್ರಭೆಯ ದಂಡೆಯ ಊರು ಬಿಟ್ಟು, ಡಾಕ್ಟರನಾದ ಮಗನ ಹಿಂದೆ ಪುಣೆಗೆ ಬಂದವಳು ಅವಳು. ಬರುವಾಗ ಬೀಸುವ ಕಲ್ಲು, ಕರಡಿಗೆಯ ಲಿಂಗ, ಇನ್ನೂ ಒಂದು ಗುಟ್ಟು ತಂದಿದ್ದಳು. ಬೀಸುವ ಕಲ್ಲು ಎಲ್ಲರಿಗೂ ಕಾಣುತ್ತಿತ್ತು. ಗುಟ್ಟು ಸೀರೆಯ ಅಂಚಿನ ಕೆಳಗಿತ್ತು.

ಮುಂಬೈ ಪ್ರಾಂತಕ್ಕೆ ಕಾಂಗ್ರೆಸ್ ಸರಕಾರ ಬಂದ ವರ್ಷ ಅದು. ಪೇಠೆಯ ತುಂಬ ಉತ್ಸಾಹ. ವಾಡೆಯೊಳಗೆ ಅದಕ್ಕೂ ಹೆಚ್ಚು. ಮೊಮ್ಮಗಳು ಪಂಕಜಾಕ್ಷಿಗೆ ಗಂಡು ಗೊತ್ತಾಗಿತ್ತು. ಅರಿವೆ ವ್ಯಾಪಾರದ ಈರಬಸಪ್ಪನ ಮಗ ಫಕೀರಪ್ಪ, ಶಿವಾಜಿನಗರದ ಕೋರ್ಟಿನಲ್ಲಿ ಕೆಲಸ. ಗೌರಿ ಗಣಪತಿ ಮುಗಿಯುತ್ತಲೇ ನಿಶ್ಚಯ. ಅದಕ್ಕೆಂದೇ ಅವತ್ತು ನಾಗವ್ವ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಅಂಗಳದ ಹಾಸುಗಲ್ಲಿನ ಮೇಲೆ ಟಪ್, ಟಪ್ ಎಂದು ಬೂಟಿನ ಸಪ್ಪಳ ಕೇಳಿತು.

ರೊಟ್ಟಿ ಬಡಿಯುತ್ತಿದ್ದ ಸೊಸೆ ಬಸವಣ್ಣೆವ್ವ ತಲೆ ಎತ್ತದೆಯೇ ಹೇಳಿದಳು: "ಬಂತ್ರಿ ಅತ್ತಿ, ನಿಮ್ಮ ಮಗನ ಕುದುರಿ."

ಡಾಕ್ಟರ್ ಸಿದ್ದಲಿಂಗಪ್ಪ ಒಳಗೆ ಬಂದ. ಮೈತುಂಬ ಧೂಳು, ಮುಖದ ತುಂಬ ನಗೆ, ಕಂಕುಳಲ್ಲಿ ಚಾಪೆಯಷ್ಟು ದಪ್ಪ ಕಾಗದದ ಸುರುಳಿ.

"ಅವ್ವಾ, ಸಿಕ್ತು! ಮೂರು ತಲಿ ಸಿಕ್ತು! ಚಾಕಣದಾಗ ಮುತ್ಯಾ, ಮಗ, ಮೊಮ್ಮಗ, ಮೂರೂ ಮಂದೀದು ಒಂದ ನಮೂನಿ ಕಾಲು!"

"ಕೈಕಾಲು ತೊಳಕೊಂಡ್ರ ರೊಟ್ಟೀನೂ ಸಿಗತಾವು," ಎಂದಳು ಬಸವಣ್ಣೆವ್ವ.

ಅವನಿಗೆ ಅದು ಕೇಳಲಿಲ್ಲ. ಸುರುಳಿಯನ್ನು ಪಡಸಾಲೆಯ ಉದ್ದಕ್ಕೂ ಉರುಳಿಸಿಬಿಟ್ಟ. ಕಾಗದದ ಮೇಲೆ ಕಾವಿಯ ಹೆಜ್ಜೆಗಳು, ಕೆಂಪಗೆ, ಸಾಲಾಗಿ. ರೋಗಿಗಳ ಪಾದವನ್ನು ಕಾವಿನೀರಿನ ಪರಾತದಲ್ಲಿ ಅದ್ದಿಸಿ ಕಾಗದದ ಮೇಲೆ ನಡೆಸುವುದು ಅವನ ಕೆಲಸದ ರೀತಿ. ಕೈಕಾಲು ಆಡಿಸುವ ನರಗಳು ಯಾಕೆ ಒಣಗುತ್ತವೆ, ಕೆಲವು ಮನೆತನಗಳಲ್ಲಿ ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಅದು ಹೇಗೆ ಇಳಿಯುತ್ತದೆ ಎಂಬುದೇ ಅವನ ಧ್ಯಾನ. ದವಾಖಾನೆಯ ಕೆಲಸ ಮುಗಿದರೆ ಸಾಕು, ಬಸ್ಸೋ ಟಾಂಗಾವೋ ಹಿಡಿದು ಹಳ್ಳಿ ಹಳ್ಳಿ ಅಲೆಯುತ್ತಿದ್ದ.

"ನಿಶ್ಚಯದ ಮನಿಯೊಳಗ ಊರ ಮಂದಿ ಕಾಲು ತಂದು ಹಾಸ್ತೀರಲ್ರಿ!" ಬಸವಣ್ಣೆವ್ವ ಸೌಟು ಹಿಡಿದು ಹೊರಬಂದಳು. "ಎಲ್ಲಿ ಹೆಜ್ಜಿ ಇಡಲಿ ನಾನು?"

"ತುಳೀಬ್ಯಾಡ, ತುಳೀಬ್ಯಾಡ! ಅವ್ವಾ, ಇಲ್ನೋಡು. ನಮ್ಮ ನಿಮ್ಮ ಪಾದ ಮೂಡಿದ್ರ ಹಿಮ್ಮಡದಿಂದ ಬೆರಳಿನ ತನಕಾ ಮೂಡತದ. ಇವರದು ನೋಡು. ಹಿಮ್ಮಡ ಒಂದು ಕಡೆ, ಬೆರಳಿನ ಬುಡ ಒಂದು ಕಡೆ. ನಡುವ ಏನೂ ಇಲ್ಲ."

ನಾಗವ್ವ ನೋಡಿದಳು. ಹೊಳೆಯ ಈ ದಂಡೆ, ಆ ದಂಡೆ. ನಡುವೆ ಬಿಳಿ ನೀರಿನ ಹಾಗೆ ಬರಿಯ ಕಾಗದ. ತವರಿನ ಅಂಗಳದಲ್ಲಿ ಮಳೆ ನಿಂತ ಮೇಲೆ ಅವ್ವನ ಹೆಜ್ಜೆ, ಸೋದರಮಾವನ ಹೆಜ್ಜೆ, ತನ್ನ ಹೆಜ್ಜೆ ಹೀಗೆಯೇ ಮೂಡುತ್ತಿದ್ದವು. ಅವಳು ಮೆಲ್ಲಗೆ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು.

ಊಟಕ್ಕೆ ಕುಳಿತಾಗಲೂ ಮಗನ ಮಾತು ನಿಲ್ಲಲಿಲ್ಲ. ತಾಟಿನ ಅಂಚಿನಲ್ಲಿ ಶೇಂಗಾ ಚಟ್ನಿಯಿಂದ ಎರಡು ಗುಡ್ಡೆ ಮಾಡಿ ತೋರಿಸಿದ.

"ಎರಡು ರೋಗ ಅದಾವು. ಶುರುವಾಗೂವಾಗ ಅಣ್ಣತಮ್ಮ ಇದ್ದಂಗ, ಗುರುತ ಹತ್ತೂದಿಲ್ಲ. ಎರಡರಾಗೂ ಕಾಲು ಸಣ್ಣಾಗತಾವು, ಚಪ್ಪಲಿ ಜಾರತದ. ಒಂದು ಕಾಲು ತಿಂತದ, ಮನಿಶ್ಯಾನ್ನ ಬಿಡತದ. ಇನ್ನೊಂದು ಮನಿಶ್ಯಾನ್ನ ತಿಂತದ. ನಮ್ಮ ಓಣಿ ಟಾಂಗಾದ ಬಾಳು ನೆನಪದಾನಿಲ್ಲ?"

ಯಾರಿಗೆ ನೆನಪಿಲ್ಲ! ತಾಲೀಮಿನ ಮೈ ಆ ಬಾಳುವಿನದು. ಮೊದಲು ಕಾಲಿನಿಂದ ಚಪ್ಪಲಿ ಜಾರತೊಡಗಿತು. ಆಮೇಲೆ ಕೈಯಿಂದ ಲಗಾಮು ಜಾರಿತು. ಕೊನೆಗೆ ಗಂಟಲಿನಲ್ಲಿ ಗಂಜಿ ಇಳಿಯಲಿಲ್ಲ. ಎರಡನೆಯ ದೀಪಾವಳಿಗೆ ಟಾಂಗಾ ಇತ್ತು, ಬಾಳು ಇರಲಿಲ್ಲ.

"ಎರಡನ್ನೂ ಹ್ಯಾಂಗ ಬ್ಯಾರೆ ಮಾಡತೀರಿ ಅಪ್ಪಾ?" ಪಂಕಜಾಕ್ಷಿ ಕೇಳಿದಳು.

"ಮನಿತನ ಕೇಳಬೇಕು. ಹಿರ್‍ಯಾರೊಳಗ ಇತ್ತಂದ್ರ ಪಾರು. ಯಾರಿಗೂ ಇದ್ದಿಲ್ಲ ಅಂದ್ರ..." ಅವನು ಎರಡನೆಯ ಗುಡ್ಡೆಯನ್ನು ಬೆರಳಿನಿಂದ ಒರೆಸಿದ. "ಆದರ ಮಂದಿ ಹೇಳೂದಿಲ್ಲವ್ವ. ಚಾಕಣದ ಮುತ್ಯಾ ಕೈಮುಗದು ಬೇಡಿಕೊಂಡ. ಯಾರಿಗೂ ಅನಬ್ಯಾಡ್ರಿ ಸಾಹೇಬ್ರ, ಮನ್ಯಾಗ ಮದುವಿಗೆ ಬಂದ ಹೆಣ್ಣದ ಅಂತ."

ನಾಗವ್ವ ಎರಡನೆಯ ರೊಟ್ಟಿ ಬೇಡವೆಂದಳು.

ಅವಳ ತವರಿನ ಕಥೆ ಹೀಗಿತ್ತು. ಎಷ್ಟೋ ತಲೆಮಾರಿನ ಹಿಂದೆ ಆ ಮನೆಯ ಹಿರಿಯನೊಬ್ಬ ಗುಡಿಯ ಹೊಂಡದಲ್ಲಿ ಒಂಟಿ ಕಾಲಿನ ಮೇಲೆ ನಿಂತಿದ್ದ ಕೊಕ್ಕರೆಗೆ ಕವಣೆ ಬೀಸಿದನಂತೆ. ನಿಂತ ಕಾಲೇ ಮುರಿಯಿತಂತೆ. ಕೊಕ್ಕರೆ ಕೂಗಲಿಲ್ಲ, ಅವನನ್ನು ಒಮ್ಮೆ ನೋಡಿತಂತೆ. ಅಂದಿನಿಂದ ಆ ಮನೆಯಲ್ಲಿ ಹುಟ್ಟಿದವರಲ್ಲಿ ಕೆಲವರ ಕಾಲು ಮೊಣಕಾಲಿನ ಕೆಳಗೆ ಕಡ್ಡಿ. ನಾಗವ್ವನನ್ನು ಗಂಡನ ಮನೆಗೆ ಕಳಿಸುವ ದಿನ ಅವಳವ್ವ ಕಿವಿಯಲ್ಲಿ ಹೇಳಿದ್ದಳು: "ಕಾಲು ಸೀರ್‍ಯಾಗಿರಲಿ, ಮಾತು ಬಾಯಾಗಿರಲಿ."

ಗಂಡನ ಮನೆಯ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಮದುಮಗಳು ಬಲಗಾಲ ಬೆರಳಿನಿಂದ ಒದ್ದು ಒಳಗೆ ಬರಬೇಕು. ನಾಗವ್ವನ ಬೆರಳು ಏಳಲಿಲ್ಲ. ನೆರೆದವರು ಕತ್ತು ಉದ್ದ ಮಾಡಿದರು. ಆಗ ಅತ್ತೆ ಸೀರೆಯ ನಿರಿಗೆ ಸರಿಮಾಡುವವಳಂತೆ ಬಾಗಿ, ಕೈಯಿಂದ ಸೇರನ್ನು ಉರುಳಿಸಿಬಿಟ್ಟಳು. ಅಕ್ಕಿ ಚೆಲ್ಲಿತು, ಹಾಡು ಎದ್ದಿತು. ಆ ಅತ್ತೆ ಬದುಕಿರುವ ತನಕ ಈ ಮಾತು ಎತ್ತಲಿಲ್ಲ. ಶಿವ ಅಂಥವರ ರೂಪದಲ್ಲೂ ಬಂದು ಹೋಗುತ್ತಾನೆ.

ಇನ್ನು ಮಗ? ದಿನವೂ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಅವ್ವನ ಪಾದಕ್ಕೆ ಹಣೆ ಹಚ್ಚಿಯೇ ಅವನು ಬೂಟು ಏರಿಸುವುದು. ಆದರೆ ಭಕ್ತಿಯಲ್ಲಿ ಕಣ್ಣು ಮುಚ್ಚುವುದು ಅವನ ಬಾಲ್ಯದ ರೂಢಿ. ನಾಗವ್ವನೂ ಸೀರೆಯ ಅಂಚನ್ನು ಮುಂದೆ ಹರಡಿಯೇ ಕುಳಿತಿರುತ್ತಿದ್ದಳು. ಊರೂರ ಕಾಲು ಅಳೆಯುವವನು ಹುಟ್ಟಿದ ಲಾಗಾಯ್ತು ಮುಟ್ಟಿದ ಕಾಲನ್ನು ನೋಡಿರಲೇ ಇಲ್ಲ.

ಗೌರಿ ಬಂದಳು. ಗಂಗೂಬಾಯಿಗೆ ಹೆಣ್ಣುಮಕ್ಕಳಿಲ್ಲ, ದೇವಿಯನ್ನು ಹೊತ್ತು ತರಲು ಪಂಕಜಾಕ್ಷಿಯನ್ನು ಕರೆದರು. ದಿಂಡಿ ಬಾಗಿಲಿನಿಂದ ದೇವರ ಕೋಣೆಯ ತನಕ ರಂಗೋಲಿಯಲ್ಲಿ ಬಿಡಿಸಿದ ಪುಟ್ಟ ಪುಟ್ಟ ಪಾದಗಳು, ಅವುಗಳ ಮೇಲೆ ಅರಿಶಿನ ಕುಂಕುಮ. ವಾಡೆಯ ಹೆಂಗಸರೆಲ್ಲ ಅಂಗಳದಲ್ಲಿ. ತಾಟು ಬಾರಿಸುವವರು ಬಾರಿಸಿದರು, ಗಂಟೆ ಹೊಡೆಯುವವರು ಹೊಡೆದರು. ಜರಿಯ ಸೀರೆ ಉಟ್ಟ ಪಂಕಜಾಕ್ಷಿ ದೇವಿಯ ಮುಖವನ್ನು ಎದೆಗೆ ಅವಚಿ ಬರಿಗಾಲಲ್ಲಿ ಹೆಜ್ಜೆ ಇಟ್ಟಳು.

"ಗೌರೀ ಆಲೀ!" ಎಂದು ಗಂಗೂಬಾಯಿ ಕೂಗಿದರು.

"ಸೋನ್ಯಾಚ್ಯಾ ಪಾವುಲೀ!" ಎಂದು ಹೆಂಗಸರು ಓಗೊಟ್ಟರು. ಚಿನ್ನದ ಹೆಜ್ಜೆಯ ಮೇಲೆ ಬಂದಳು ಗೌರಿ.

ಸಿದ್ದಲಿಂಗಪ್ಪ ಮೇಲಿನ ಸಜ್ಜದಿಂದ ನಗುತ್ತ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ನಗೆ ನಿಂತಿತು. ಮಗಳು ಮೊಣಕಾಲನ್ನು ಬೇಕಾದದ್ದಕ್ಕಿಂತ ಮೇಲೆತ್ತುತ್ತಿದ್ದಳು. ಎತ್ತಿದ ಪಾದದ ಬೆರಳು ನೆಲದ ಕಡೆ ಜೋತುಬೀಳುತ್ತಿತ್ತು. ಹೊಸ್ತಿಲಲ್ಲಿ ಬೆರಳು ತಾಗಿತು, ಅವಳು ಮುಗ್ಗರಿಸಿದಳು. ಗಂಗೂಬಾಯಿ ಹಿಡಿದರು, ದೇವಿಯ ಮುಖ ನೆಲಕ್ಕೆ ಬೀಳಲಿಲ್ಲ. "ಸೀರೆ ಉದ್ದ ಆಯಿತು ಪೋರಿಗೆ," ಎಂದು ಎಲ್ಲರೂ ನಕ್ಕರು.

ಹಬ್ಬದ ಊಟ. ಹೂರಣದ ಹೋಳಿಗೆ, ಕಟ್ಟಿನ ಸಾರು. ಗಂಗೂಬಾಯಿಯೂ ಅಲ್ಲೇ ಕುಳಿತಿದ್ದರು. ಸಿದ್ದಲಿಂಗಪ್ಪ ಹೋಳಿಗೆ ಮುರಿದು ಹಾಗೇ ಬಿಟ್ಟ. ಏನೋ ಸುಮ್ಮನೆ ಕೇಳುವವನಂತೆ ಕೇಳಿದ:

"ಅವ್ವಾ, ನಮ್ಮ ಮನಿತನದಾಗ, ಇಲ್ಲಾ ನಿನ್ನ ತವರಾಗ, ಯಾರದರ ಕಾಲು ಸಣ್ಣ ಇದ್ದೂವೇನು?"

ಎದುರಿಗೆ ಹೊರಗಿನವರು. ಪಕ್ಕದಲ್ಲಿ ಸೊಸೆ. ನಿಶ್ಚಯ ಬಾಗಿಲಿಗೆ ಬಂದಿದೆ. ನಾಗವ್ವನ ಬಾಯಿಗೆ ಅವಳವ್ವನ ಮಾತೇ ಬಂತು.

"ಇಲ್ಲಪಾ. ಯಾರದೂ ಇಲ್ಲ."

ಅವನು ತಾಟಿನಲ್ಲಿ ಕೈತೊಳೆದ.

ಮರುದಿನದಿಂದ ಮನೆಯ ಬಣ್ಣವೇ ಬೇರೆ. ಸುರುಳಿ ಮೂಲೆಯಲ್ಲಿ ನಿಂತಿತು. ಡಾಕ್ಟರು ಯಾವ ಹಳ್ಳಿಗೂ ಹೋಗಲಿಲ್ಲ, ಊಟಕ್ಕೆ ಕರೆದರೆ ಹಸಿವಿಲ್ಲ. ವಾರ ಕಳೆಯುವುದರೊಳಗೆ ಇನ್ನೊಂದು ಮಾತು ಹೊರಬಿತ್ತು: ನಿಶ್ಚಯ ಮುಂದೆ ಹಾಕಬೇಕು.

ನಾಗವ್ವ ಹಿತ್ತಿಲ ನಳದ ಹತ್ತಿರ ಅರಿವೆ ಹಿಂಡುತ್ತಿದ್ದಳು. ಒಳಗಿನ ಜಗಳ ಗೋಡೆ ದಾಟಿ ಬರುತ್ತಿತ್ತು.

"ಯಾಕ ಮುಂದ ಹಾಕಬೇಕು? ಏನಾಗೇದ?" ಬಸವಣ್ಣೆವ್ವನ ದನಿ. "ಬೀಗರಿಗೆ ಏನಂತ ಹೇಳಲಿ? ಡಾಕ್ಟರಿಗೆ ತಲಿ ಕೆಟ್ಟದ ಅಂತೇನು?"

"ಹಂಗ ಹೇಳು."

"ನಿಮಗ ಊರ ಮಂದಿ ಕಾಲು ಹಗಲೆಲ್ಲಾ ಬೇಕು, ಮಗಳು ಕಾಲು ಕಿತ್ತು ಗಂಡನ ಮನಿಗೆ ಹೋಗೂದು ಬ್ಯಾಡ!"

ಆಗ ಅವನ ದನಿ ಒಡೆಯಿತು. "ಬಸವಣ್ಣೀ, ಅಕೀಗೆ ಬಾಳೂನ ರೋಗ ಬಂದದ. ಕಾಲು ಜೋತು ಬಿದ್ದದ, ನಾ ನೋಡೀನಿ. ಮನಿತನದಾಗ ಯಾರಿಗೂ ಇಲ್ಲ, ಅವ್ವನೂ ಇಲ್ಲಂದ್ಲು. ಅಂದಮ್ಯಾಲ ಅದ ರೋಗ. ಎರಡು ವರ್ಷ, ಮೂರು ವರ್ಷ... ನನ್ನ ಕೈಯಾಗ ನರ ತಟ್ಟಿ ನೋಡೂ ಸುತ್ತಿಗಿ ಅದ, ಚುಚ್ಚಿ ನೋಡೂ ಮುಳ್ಳದ, ಎಲ್ಲಾ ಅದ. ಕೂಸಿನ ಕಾಲು ಮುಟ್ಟಿ ನೋಡಾಕ ಧೈರ್ಯ ಇಲ್ಲ."

ಪಾತ್ರೆಯೊಂದು ಬಿದ್ದ ಸಪ್ಪಳ.

ನಾಗವ್ವನ ಕೈಯಲ್ಲಿ ಹಿಂಡಿದ ಸೀರೆ ಹಿಂಡಿದ ಹಾಗೇ ಉಳಿಯಿತು. ತಾಟಿನ ಅಂಚಿನ ಆ ಎರಡು ಗುಡ್ಡೆ ಚಟ್ನಿ ಕಣ್ಣಿಗೆ ಕಟ್ಟಿತು. ತಾನು 'ಇಲ್ಲ' ಅಂದದ್ದು ಮದುವೆ ಉಳಿಸಲಿಕ್ಕೆ. ಆ ಒಂದು 'ಇಲ್ಲ' ಹೋಗಿ ಕೂಸನ್ನೇ ಬಾಳುವಿನ ಪಂಕ್ತಿಯಲ್ಲಿ ಕೂಡಿಸಿಬಿಟ್ಟಿತ್ತು!

"ಶಿವನ, ಎಂಥಾ ಬಾಯಿ ಕೊಟ್ಟಿ ನನಗ," ಎಂದಳು. ಅರಿವೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಹೆಜ್ಜೆ ಹಾಕಿದಳು. ಆದರೆ ಮಗ ಆಗಲೇ ಬೂಟು ಏರಿಸಿ ಹೊರಬಿದ್ದಿದ್ದ. ಹಾಸುಗಲ್ಲಿನ ಮೇಲೆ ಟಪ್, ಟಪ್ ಸಪ್ಪಳ ದೂರವಾಯಿತು.

ಮರುದಿನ ಬೆಳಿಗ್ಗೆ ನಾಗವ್ವ ಮಣೆಯ ಮೇಲೆ ಕುಳಿತಳು. ಕಿಟಕಿಯ ಬಿಸಿಲು ಬೀಳುವ ಜಾಗವನ್ನೇ ಆರಿಸಿದ್ದಳು. ಮಗ ಪೂಜೆ ಮುಗಿಸಿ ಬಂದ, ಮಂಡಿಯೂರಿದ, ಕಣ್ಣು ಮುಚ್ಚಿದ, ಬಾಗಿದ. ಹಣೆಗೆ ಸೀರೆಯ ಅಂಚು ತಾಗಲಿಲ್ಲ. ತಣ್ಣನೆಯ ಎಲುಬು ತಾಗಿತು.

"ಕಣ್ಣ ತಗಿ," ಎಂದಳು ನಾಗವ್ವ.

ಅವನು ತೆರೆದ.

ಮೊಣಕಾಲಿನ ತನಕ ಸೀರೆ ಎತ್ತಿ ಕುಳಿತಿದ್ದಳು ಅವ್ವ. ಮೀನಖಂಡವೇ ಇಲ್ಲದ ಕಡ್ಡಿ ಕಾಲು. ಬಿಲ್ಲಿನ ಹಾಗೆ ಮೇಲೆದ್ದ ಪಾದ, ಕೊಕ್ಕೆಯಾಗಿ ಮಡಚಿದ ಬೆರಳು.

"ಅವ್ವಾ... ಇದು... ಯಾವಾಗಿಂದವ್ವಾ?"

"ಪಂಕಜಾನ ವಯಸ್ಸಿನಾಗ ಶುರು ಆತು. ನಮ್ಮವ್ವಗ ಇತ್ತು, ನಮ್ಮ ಸೋದರಮಾವಗ ಇತ್ತು. ಸುಳ್ಳ ಹೇಳಿದೆ ಮಗನ. ನಂದ ಪಾಪ."

"ಈಗ ನಿನಗ ವಯಸ್ಸೆಷ್ಟು?"

"ಅರವತ್ತು ದಾಟ್ಯಾವ."

"ಅರವತ್ತು!" ಅವನು ಎದ್ದು ನಿಂತ. "ನಿಮ್ಮವ್ವ?"

"ಮರಿಮಕ್ಕಳನ್ನ ಎತ್ತಿ ಆಡಿಸಿ ಹೋದ್ಲು."

"ಬಸವಣ್ಣೀ!" ಆ ಕೂಗಿಗೆ ವಾಡೆಯ ಒಂಬತ್ತು ಒಲೆಗಳ ಮುಂದಿನವರೂ ತಲೆ ಎತ್ತಿರಬೇಕು. "ಕೂಸು ಬದುಕತದ! ಅರವತ್ತು ದಾಟ್ಯಾವಂತ! ಪಂಕಜಾ, ಬಾ ಇಲ್ಲಿ! ಕಾವಿ ಎಲ್ಲೇದ? ಪರಾತ ತಾ!"

ಬಸವಣ್ಣೆವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅತ್ತೆಯ ಕಾಲು ನೋಡಿದಳು, ಗಂಡನ ಮುಖ ನೋಡಿದಳು, ಅರ್ಥವಾಯಿತು. ಅಲ್ಲೇ ಕುಸಿದು ಅತ್ತೆಯ ಪಾದ ಹಿಡಿದು ಅತ್ತಳು, ನಕ್ಕಳು. ಪಾದದ ತುಂಬ ಜೋಳದ ಹಿಟ್ಟಾಯಿತು.

ಸಿದ್ದಲಿಂಗಪ್ಪ ನೆಲದ ಮೇಲೆ ಕುಳಿತು ಅವ್ವನ ಹಿಮ್ಮಡದ ನರಕ್ಕೆ ಸುತ್ತಿಗೆಯಿಂದ ತಟ್ಟಿದ. ಪಾದ ಮಿಸುಕಲಿಲ್ಲ. ಕಬ್ಬಿಣದ ಕವಲುಕಡ್ಡಿಯನ್ನು ಬಡಿದು ಹೆಬ್ಬೆರಳಿಗೆ ಹಿಡಿದ. "ಗುಂಯ್ ಅಂತದೇನವ್ವ?"

"ಕಿವಿಗೆ ಅಂತದ. ಕಾಲಿಗೆ ಏನೂ ಇಲ್ಲ."

"ಅದ ಬೇಕಾಗಿತ್ತು! ಬಾಳೂನ ರೋಗ ಆಗಿದ್ರ ಕಾಲಿಗೂ ತಿಳೀತಿತ್ತು!" ಅವನು ತೊಡೆ ತಟ್ಟಿ ನಕ್ಕ. ಮಗಳ ಕಾಲು ಹಿಡಿದ. ತಟ್ಟಿ ನೋಡಿದ, ಕವಲುಕಡ್ಡಿ ಹಿಡಿದು ನೋಡಿದ. ಅಲ್ಲಿಯೂ ಹಾಗೆಯೇ.

"ಅಪ್ಪಾ, ನನ್ನ ಯಾರರ ಒಂದು ಮಾತು ಕೇಳೀರೇನು?" ಪಂಕಜಾಕ್ಷಿ ಮುಖ ಉಬ್ಬಿಸಿದಳು. "ಎರಡು ವರ್ಷ ಆತು, ಚಪ್ಪಲಿಗೆ ದಾರ ಕಟಗೊಂಡು ಸಾಲಿಗೆ ಹೋಗಾಕ ಹತ್ತಿ. ಬೈತೀರಿ ಅಂತ ಹೇಳಿದ್ದಿಲ್ಲ."

"ಆಯಿ ಸೀರ್‍ಯಾಗ ಮುಚ್ಚಿಟ್ಲು, ಮೊಮ್ಮಗಳು ದಾರ ಕಟ್ಟಿದ್ಲು. ಭೇಷ್!" ಎಂದಳು ಬಸವಣ್ಣೆವ್ವ. ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. "ಮತ್ತ ನಿಮ್ಮ ಹೆಜ್ಜಿ ಯಾರು ತಗೀಬೇಕ್ರಿ?"

"ನಂದೇನು?"

"ಬೂಟು ಕಚ್ಚತದ ಬೂಟು ಕಚ್ಚತದ ಅಂತ ಎಷ್ಟು ಮಂದಿ ಮೋಚಿಗ್ಯಾರ ಜೋಡಿ ಜಗಳ ಆಡೀರಿ? ಟಪ್, ಟಪ್ ಅಂತ ಬಡಕೋತ ಬರೋರು ಯಾರು? ಇಡ್ರಿ ಪರಾತದಾಗ!"

ಅವನು ಇಟ್ಟ. ಕಾಗದದ ಮೇಲೆ ಮೂರು ಜೊತೆ ಕೆಂಪು ಹೆಜ್ಜೆ ಮೂಡಿದವು. ಅವ್ವನದು, ಮಗಳದು, ನಡುವೆ ಅವನದು. ಅವನ ಪಾದದ ನಡುವೆ ಗೆರೆಯಷ್ಟು ಕಾವಿ ಇತ್ತು, ಅಷ್ಟೇ. ಸಿದ್ದಲಿಂಗಪ್ಪ ಅದನ್ನು ನೋಡುತ್ತ ನಿಂತುಬಿಟ್ಟ.

"ಮೂರು ತಲಿ," ಎಂದ ಮೆಲ್ಲಗೆ. "ಚಾಕಣಕ್ಕ ಯಾಕ ಹೋಗಿದ್ದೆ ನಾನು!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾಗವ್ವ ಮಾತ್ರ ಸೀರೆ ಸರಿಮಾಡಿಕೊಳ್ಳುತ್ತ, "ನಮ್ಮ ತವರಿನ ಕೊಕ್ಕರಿ ಶಾಪ ನಿಮಗೂ ಹತ್ತಿಸಿದೆ," ಎಂದಳು.

"ಮೂಗು ಕೊಟ್ಟಿ, ಮಾತು ಕೊಟ್ಟಿ, ಲಿಂಗಪೂಜಿ ಕಲಿಸಿದಿ. ಅದರ ಜೋಡಿ ಇದೂ ಬಂತು. ಇದಕ್ಕ ಔಷಧ ಇಲ್ಲವ್ವ, ಅದನ್ನ ನಾ ಸುಳ್ಳ ಹೇಳೂದಿಲ್ಲ. ಆದರ ಶಾಪಾನೂ ಅಲ್ಲ. ಬೂಟಿಗೆ ಒಂದು ತೊಗಲಿನ ಪಟ್ಟಿ ಹಚ್ಚಿ ಕೊಡತೀನಿ, ಬೆರಳು ಜೋತು ಬೀಳೂದಿಲ್ಲ."

ಅವತ್ತು ಅವನು ಲೆಕ್ಕವಿಲ್ಲದಷ್ಟು ರೊಟ್ಟಿ ತಿಂದ.

ಆದರೆ ಕಥೆ ಮುಗಿಯಲಿಲ್ಲ. ಬೀಗರಿಗೆ ಹೇಳುವುದೋ ಬಿಡುವುದೋ? ಈ ಜಗಳ ಕುಟ್ಟುವ ಒರಳಿನ ಹತ್ತಿರ ಶುರುವಾಗಿ ದೀಪ ಹಚ್ಚುವ ತನಕ ನಡೆಯಿತು.

"ಹೇಳಿದ್ರ ಮದುವಿ ಆಗೂದಿಲ್ಲ. ತಿಳಿದಿರಲಿ," ಎಂದಳು ಬಸವಣ್ಣೆವ್ವ.

"ಊರ ಮಂದಿಗೆ ಖರೇ ಹೇಳ್ರಿ ಅಂತ ತಿರಗತೀನಿ. ನನ್ನ ಮನಿ ಬಾಗಲಾ ಮುಚ್ಚಲೇನು?"

"ಕಾಲು ನಂದು," ಪಂಕಜಾಕ್ಷಿ ಖಾರ ಕುಟ್ಟುತ್ತ ನಡುವೆ ಬಂದಳು. "ಜನ್ಮಾಪೂರ್ತಿ ದಾರಾ ಕಟಗೊಂಡು ನಾ ಸಂಸಾರ ಮಾಡೂದಿಲ್ಲ. ಹೇಳ್ರಿ. ಇಲ್ಲಾ ನಾನ ಹೇಳತೀನಿ."

"ನೀವ್ಯಾರೂ ಹೇಳಬ್ಯಾಡ್ರಿ," ಎಂದಳು ನಾಗವ್ವ. "ಮುಚ್ಚಿಟ್ಟಾಕಿ ನಾನು. ತಗಿಯಾಕಿನೂ ನಾನ."

ನಿಶ್ಚಯದ ದಿನ ಬೀಗರು ಬಂದರು. ಈರಬಸಪ್ಪ, ಅವನ ಹೆಂಡತಿ ರುದ್ರವ್ವ, ಹುಡುಗ ಫಕೀರಪ್ಪ. ಜಮಖಾನೆ ಹಾಸಿತ್ತು, ಅವಲಕ್ಕಿ ಚಹಾ ಆಯಿತು. ಹುಡುಗಿಯನ್ನು ಕರೆಯಿರಿ ಅನ್ನುವ ಹೊತ್ತಿಗೆ ನಾಗವ್ವ ಗೋಡೆ ಹಿಡಿದು ಎದ್ದಳು. ಎಲ್ಲರ ನಡುವೆ ಆ ಗೋಡೆಯಿಂದ ಈ ಗೋಡೆಗೆ ನಡೆದಳು. ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಹಿಡಿದು ನಡೆದಳು. ಟಪ್, ಟಪ್.

"ನೋಡ್ರಿ ರುದ್ರವ್ವ. ನಮ್ಮ ತವರಿನ ಕಾಲು ಇವು. ನನಗ ಅದಾವು, ನನ್ನ ಮಗಗ ಅದಾವು, ನಿಮ್ಮ ಮನಿಗೆ ಬರೂ ಕೂಸಿಗೂ ಅದಾವು. ಈ ಕಾಲಾಗ ನಾ ನೀರು ಹೊತ್ತೀನಿ, ಬೀಸೀನಿ, ಮೂರು ಹಡದೀನಿ. ಓಡಾಕ ಬರೂದಿಲ್ಲ. ಅದನ್ನ ನೋಡಿ ತಗೋರಿ."

ಈರಬಸಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಫಕೀರಪ್ಪ ತಲೆ ತಗ್ಗಿಸಿಯೇ ಕೇಳಿದ:

"ಡಾಕ್ಟರ್ ಮಾಮಾ, ಮುಂದ ಮಕ್ಕಳಿಗೆ?"

"ಒಂದಕ್ಕ ಬಂದೀತು, ಒಂದಕ್ಕ ಬರಲಿಕ್ಕಿಲ್ಲ. ಅರ್ಧಾರ್ಧ," ಎಂದ ಸಿದ್ದಲಿಂಗಪ್ಪ. "ಆದರ ಜೀವಕ್ಕ ಧಕ್ಕಿ ಇಲ್ಲ. ಸಾಕ್ಷಿ ನಿಮ್ಮ ಮುಂದ ನಿಂತದ."

ಈರಬಸಪ್ಪ ಕೆಮ್ಮಿದ. "ಮನಿಗೆ ಹೋಗಿ ವಿಚಾರ ಮಾಡಿ..." ಎನ್ನುತ್ತಿರುವಾಗಲೇ ಫಕೀರಪ್ಪ, "ಅಪ್ಪಾ, ನನ್ನ ವಿಚಾರ ಆತು," ಎಂದುಬಿಟ್ಟ. ಕಿವಿ ಕೆಂಪಾಗಿದ್ದವು. ಅಡುಗೆಮನೆಯ ಬಾಗಿಲ ಹಿಂದೆ ಬಳೆ ಸದ್ದಾಯಿತು. ಈರಬಸಪ್ಪ ಹೆಂಡತಿಯ ಮುಖ ನೋಡಿದ. ತಮ್ಮ ಮನೆಯ ಮಾತು ಎಲ್ಲಿ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ರುದ್ರವ್ವ ಎದ್ದು ಬಂದು ನಾಗವ್ವನ ಎದುರು ಕುಳಿತಳು. ಆ ಪಾದಗಳನ್ನೇ ನೋಡಿದಳು.

"ಒಂದು ಕೇಳತೀನ್ರಿ ಅಮ್ಮಾ. ನೀವು ಹೊಸ್ತಿಲ ಮ್ಯಾಲಿನ ಸೇರು ಹ್ಯಾಂಗ ಒದ್ರಿ?"

ನಾಗವ್ವನಿಗೆ ನಗೆಯೂ ಬಂತು, ಕಣ್ಣೀರೂ ಬಂತು. "ನಾ ಎಲ್ಲಿ ಒದ್ದೆನವ್ವಾ. ನಮ್ಮತ್ತಿ ನಿರಿಗಿ ಹಿಡಿದಂಗ ಮಾಡಿ ಕೈಲೆ ಉರುಳಿಸಿದ್ಲು. ಯಾರಿಗೂ ಹೇಳಲಿಲ್ಲ. ಇವತ್ತ ನಾ ಹೇಳಿದ್ದು."

ರುದ್ರವ್ವ ಸೆರಗು ಸರಿಮಾಡಿಕೊಂಡಳು. ಗಂಡನ ಕಡೆ ನೋಡಲಿಲ್ಲ. ಗೋಡೆಯ ಮೂಲೆಯಲ್ಲಿ ಹಸನು ಮಾಡಿಟ್ಟ ಅಕ್ಕಿಯ ಬುಟ್ಟಿಗೆ ಕೈಹಾಕಿ, ಒಂದು ಹಿಡಿ ತೆಗೆದು ಬೆರಳಿನ ಸಂದಿಯಿಂದ ಮೆಲ್ಲಗೆ ಸುರಿದಳು.

"ಅಕ್ಕಿ ಭಾಳ ಚಲೋ ಹಸನ ಮಾಡೀರಿ," ಎಂದಳು. "ನಮ್ಮ ಮನ್ಯಾಗ ಸೇರು ಇಡೂ ಪದ್ಧತಿ ಇಲ್ಲರೀ ಅಮ್ಮಾ. ನಮ್ಮಲ್ಲಿ ಪಾವು ಇಡತೀವಿ. ಸಣ್ಣ ಪಾವು. ಸೀರಿ ತಾಗಿದ್ರ ಸಾಕು, ಉರುಳತದ."

ಈರಬಸಪ್ಪ, "ಪಾವು? ನಮ್ಮ ಮನ್ಯಾಗ ಯಾವಾಗಿಂದ..." ಎಂದು ಬಾಯಿ ತೆರೆದವನು ಹೆಂಡತಿಯ ಬೆನ್ನು ನೋಡಿ ರುಮಾಲು ಸುತ್ತಿಕೊಳ್ಳತೊಡಗಿದ.

ಮಲಪ್ರಭೆಯಿಂದ ಪುಣೆಯ ಮುಳಾ ಮುಠೆಯ ತನಕ ಯಾವ ಮನೆಯ ಹೊಸ್ತಿಲ ಮೇಲೂ ಪಾವು ಇಡುವುದನ್ನು ನಾಗವ್ವ ಕಂಡಿರಲಿಲ್ಲ. ಅವಳು ಕಾಲು ಚಾಚಿ, ಸೀರೆಯ ಅಂಚನ್ನು ಮುಂದೆ ಎಳೆದುಕೊಳ್ಳದೆ, ಬಿಸಿಲಿನಲ್ಲಿ ಹಾಗೇ ಕುಳಿತಳು.

"ಪಂಕಜಾ," ಎಂದು ಕರೆದಳು. "ಬಾರವ್ವ ಹೊರಗ. ನಿಮ್ಮತ್ತಿ ಕರಿಯಾಕ ಹತ್ಯಾರ."